ಸೆಪ್ಟೆಂಬರಿನಲ್ಲಿ ಬರೆದ ಪೇಪರು

ಮೊನ್ನೆ ತಮ್ಮನ ಮಗಳು ಬಂದಿದ್ದಳು. ಪ್ಲಸ್ ಟು ರಿಸಲ್ಟು ಬಂದಾಗಿದೆ, ಇನ್ನು ಡಿಗ್ರಿಗೆ ಸೇರಬೇಕು. ಬರುವ ದಾರಿಯಲ್ಲಿ ಹೆಕ್ಕಿದ ಗೇರುಹಣ್ಣುಗಳನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು, ಮೊಬೈಲ್ ತೆಗೆದು, "ಆಂಟಿ, ಈ ಆನರ್ಸ್ ಅಂದ್ರೆ ಎಂತ? ನಾಲ್ಕು ವರ್ಷ ಓದ್ಬೇಕಂತೆ. ಕ್ರೆಡಿಟ್ ಇಷ್ಟಿರಬೇಕು, ಅಟೆಂಡೆನ್ಸ್ ಅಷ್ಟಿರಬೇಕು ಅಂತೆಲ್ಲ ಉಂಟು ಇದ್ರಲ್ಲಿ" ಎಂದು ಒಂದೊಂದೇ ನಿಯಮ ಓದತೊಡಗಿದಳು. ನನ್ನ ಕಿವಿ ಅವಳ ಕಡೆ ಇತ್ತು. ಮೂಗು ಮಾತ್ರ ಆ ಹಣ್ಣುಗಳ ಕಡೆ ಇತ್ತು. ಹೆಚ್ಚು ಹಣ್ಣಾಗಿ ಒಡೆದ ಗೇರುಹಣ್ಣಿನ ಆ ಒಗರು, ಹುಳಿ ವಾಸನೆ... ನನಗದು ಪರೀಕ್ಷೆಯ ವಾಸನೆ. ಪಕ್ಕದ ಮನೆಯ ಅಕ್ಕನ ನೆನಪು ಬಂದದ್ದು ಅದರಿಂದಲೇ.

ಆಗ ನಾವು ಶಿರಿಯದಲ್ಲಿದ್ದೆವು. ಎಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮದು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆ, ಅವರದ್ದು ತುಳು ಮನೆ, ನಡುವೆ ಒಂದು ಗೇರುಗುಡ್ಡೆ. ಅಕ್ಕ ಕಾಸರಗೋಡಿನ ಕಾಲೇಜಿನಲ್ಲಿ ಕನ್ನಡ ಮೈನ್, ಅಂದರೆ ಮುಖ್ಯ ವಿಷಯವಾಗಿ ತೆಗೆದುಕೊಂಡು ಬಿ.ಎ. ಮಾಡುತ್ತಿದ್ದಳು. ನಾನು ಇನ್ನೂ ಹೈಸ್ಕೂಲು. ಏಪ್ರಿಲ್ ಬಂತೆಂದರೆ ಅವಳು ಪುಸ್ತಕ ಹಿಡಿದು ಗೇರುಮರದ ಕೆಳಗೆ ಕೂರುತ್ತಿದ್ದಳು. ಹಳಗನ್ನಡದ ಪದ್ಯಗಳನ್ನು ಎಂಥ ಜೋರಿನಲ್ಲಿ ಓದುತ್ತಿದ್ದಳೆಂದರೆ, ಮೊದಲ ಸಲ ಕೇಳಿದಾಗ ಅವಳು ಯಾರನ್ನೋ ಬೈಯುತ್ತಿದ್ದಾಳೆ ಅಂದುಕೊಂಡು ನಾನು ಬೇಲಿಯ ಹಿಂದೆಯೇ ನಿಂತಿದ್ದೆ.

"ಎಂತ ಅಲ್ಲಿ ನಿಂತದ್ದು? ಬಾ ಮಾರಾಯ್ತಿ, ಪುಸ್ತಕ ಹಿಡ್ಕೊಂಡು ನನ್ನನ್ನು ಪ್ರಶ್ನೆ ಕೇಳು" ಎಂದಳು. ಅಲ್ಲಿಂದ ಅದೇ ನನ್ನ ಕೆಲಸವಾಯಿತು. ನಾನು ತಪ್ಪುತಪ್ಪಾಗಿ ಪ್ರಶ್ನೆ ಓದುವುದು, ಅವಳು ಮೊದಲು ನನ್ನ ಉಚ್ಚಾರಣೆ ತಿದ್ದಿ ಆಮೇಲೆ ಉತ್ತರ ಹೇಳುವುದು. ಕನ್ನಡ ಅವಳ ಮನೆಮಾತೂ ಅಲ್ಲ, ನನ್ನ ಮನೆಮಾತೂ ಅಲ್ಲ. ಆದರೂ ಅವಳ ಬಾಯಿಯಲ್ಲಿ ಅದನ್ನು ಕೇಳುವಾಗ ಹೊಟ್ಟೆಕಿಚ್ಚಾಗುತ್ತಿತ್ತು. ನಾನು ಮುಂದೆ ಕನ್ನಡವನ್ನೇ ಓದಿ, ಅದನ್ನೇ ಪಾಠ ಮಾಡಿ ಬದುಕಿದ್ದಕ್ಕೆ ಆ ಹೊಟ್ಟೆಕಿಚ್ಚೇ ಕಾರಣ.

ಆಗಿನ ಡಿಗ್ರಿಯ ಲೆಕ್ಕಾಚಾರ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಮೂರು ಭಾಗ. ಇಂಗ್ಲಿಷ್ ಒಂದು, ಎರಡನೆಯ ಭಾಷೆ ಇನ್ನೊಂದು, ಮೈನ್ ಮತ್ತು ಅದರ ಜೊತೆಗಿನ ಸಬ್ಸಿಡಿಯರಿ ಸೇರಿ ಮೂರನೆಯದು. ಒಂದರಲ್ಲಿ ಬಿದ್ದರೆ ಉಳಿದೆರಡು ಇದ್ದೂ ಇಲ್ಲದ ಹಾಗೆ, ಡಿಗ್ರಿ ಸಿಗುತ್ತಿರಲಿಲ್ಲ. ಕನ್ನಡ ಮೀಡಿಯಮ್ಮಿನಿಂದ ಬಂದ ನಮ್ಮ ಕಡೆಯ ಮಕ್ಕಳು ಇಂಗ್ಲಿಷಿನಲ್ಲಿ ಏಪ್ರಿಲಿಗೆ ಬಿದ್ದು ಸೆಪ್ಟೆಂಬರಿಗೆ ಏಳುವುದು ಮಾಮೂಲಾಗಿತ್ತು. ಹಾಗಾಗಿ ಸೆಪ್ಟೆಂಬರ್ ಅಂದರೆ ಊರಿಗೇ ಒಂದು ಧೈರ್ಯ. ಯಾರ ಮನೆಯಲ್ಲಿ ಯಾರು ಬಿದ್ದರೂ, "ಹೋಗ್ಲಿ, ಸೆಪ್ಟೆಂಬರ್ ಉಂಟಲ್ಲ" ಎನ್ನುವುದೇ. ರ‍್ಯಾಂಕಿನ ನಿಯಮ ಮಾತ್ರ ಬೇರೆ ಇತ್ತು. ಎಲ್ಲ ಪೇಪರುಗಳನ್ನೂ ಮೊದಲ ಸಲವೇ ಬರೆದು ಪಾಸಾಗಿರಬೇಕು. ಸೆಪ್ಟೆಂಬರಿನಲ್ಲಿ ಎಷ್ಟೇ ಮಾರ್ಕು ತೆಗೆದರೂ ರ‍್ಯಾಂಕಿಗೆ ಲೆಕ್ಕವಿಲ್ಲ. ನಮ್ಮ ಊರಿನಲ್ಲಿ ಅದು ಯಾರಿಗೆ ಗೊತ್ತಿರಬೇಕು? ಅಲ್ಲಿ ರ‍್ಯಾಂಕ್ ಬಂದವರೇ ಇರಲಿಲ್ಲ.

ಅಕ್ಕನಿಗೆ ಬೇಕಾದದ್ದು ಅದೇ ರ‍್ಯಾಂಕ್. ಬರೀ ಹೆಸರಿಗಲ್ಲ. ಅವರದ್ದು ಅಳಿಯಸಂತಾನದ ಮನೆ, ಸೋದರಮಾವ ಹೇಳಿದ್ದೇ ಮಾತು. ಅವಳಿಗೆ ಬೊಂಬಾಯಿಯಿಂದ ಒಂದು ಸಂಬಂಧ ಬಂದಿತ್ತು, ಹೋಟೆಲಿನವರು. ಅವಳಿಗೆ ಎಂ.ಎ. ಮಾಡಬೇಕು, ಕಾಲೇಜಿನಲ್ಲಿ ಪಾಠ ಮಾಡಬೇಕು ಅಂತ ಆಸೆ. ಮಾವ ಕೊನೆಗೆ ಎಲ್ಲರ ಎದುರು ತೀರ್ಮಾನ ಹೇಳಿದರು: "ರ‍್ಯಾಂಕ್ ತಗೊಂಡು ಬಾ, ಎಲ್ಲಿಗೆ ಬೇಕಾದ್ರೂ ಕಳಿಸ್ತೇನೆ. ಬರ್ಲಿಲ್ಲ ಅಂದ್ರೆ ಮದುವೆ, ಆಯ್ತಾ?" ಅಕ್ಕ ಆಯಿತು ಎಂದಳು. ಕಾಲೇಜಿನವರು ಕೂಡ ರ‍್ಯಾಂಕ್ ಅವಳಿಗೇ ಎನ್ನುತ್ತಿದ್ದರು.

ಕೊನೆಯ ವರ್ಷದ ಪರೀಕ್ಷೆಗೆ ಇನ್ನೇನು ಕೂರಬೇಕು, ಮಾವ ತೀರಿಕೊಂಡರು. ಗದ್ದೆಯಿಂದ ಬಂದು ಚಾವಡಿಯಲ್ಲಿ ಕೂತವರು ಮತ್ತೆ ಏಳಲಿಲ್ಲ.

ಆ ಮನೆಗಳಲ್ಲಿ ಸತ್ತವರಿಗೆ ಬೊಜ್ಜ ಎಂದು ಮಾಡುತ್ತಾರೆ, ಊರಿಗೆಲ್ಲ ಊಟ ಹಾಕುವ ಉತ್ತರಕ್ರಿಯೆ. ಹಿರಿಯರು ಕೂತು ಮೊದಲು ಒಂದು ದಿನ ನಿಗದಿ ಮಾಡಿದ್ದರು. ಆ ದಿನ ಅಕ್ಕನಿಗೆ ಪರೀಕ್ಷೆ ಇರಲಿಲ್ಲ. ಆದರೆ ಬೊಂಬಾಯಿಯ ಚಿಕ್ಕಮಾವನಿಗೆ ಅಷ್ಟರೊಳಗೆ ಬಸ್ಸಿನ ಟಿಕೆಟ್ ಸಿಗಲಿಲ್ಲವೆಂದು ಮುಂದೆ ಹಾಕಿದರು. ಬೇರೆ ಯಾರಿಗೋ ಮಂಗಳವಾರ ಆಗದು ಎಂದು ಇನ್ನೊಂದು ದಿನ ಮುಂದೆ ಹೋಯಿತು. ಹೀಗೆ ಎಲ್ಲರ ಅನುಕೂಲ ನೋಡಿ ನೋಡಿ, ಕೊನೆಗೆ ಬಂದು ನಿಂತದ್ದು ಅಕ್ಕನ ಕಾವ್ಯಮೀಮಾಂಸೆಯ ಪೇಪರಿನ ದಿನಕ್ಕೆ.

ಪರೀಕ್ಷೆಯ ಮಾತು ಬಂದದ್ದು ನನಗೆ ಗೊತ್ತು. ಅಮ್ಮನ ಜೊತೆ ನಾನೂ ಅವರ ಜಗಲಿಯಲ್ಲಿ ಕೂತಿದ್ದೆ. ಅಕ್ಕನ ತಾಯಿ ಮೆಲ್ಲಗೆ, "ಅವಳಿಗೆ ಆ ದಿನ ಪರೀಕ್ಷೆ ಉಂಟಂತೆ" ಎಂದರು. ಅವಳ ದೊಡ್ಡಮ್ಮ ಎಲೆಗೆ ಸುಣ್ಣ ಹಚ್ಚುತ್ತಲೇ, "ಸೆಪ್ಟೆಂಬರಿನಲ್ಲಿ ಬರೀಲಿ. ಮಾವನ ಎಡೆಗೆ ಬಡಿಸ್ಲಿಕ್ಕೆ ಸೊಸೆಯೇ ಇಲ್ಲದಿದ್ರೆ ಬಂದವರು ನಮ್ಮ ಮುಖಕ್ಕೆ ಉಗೀಲಿಕ್ಕಿಲ್ವಾ?" ಎಂದರು. ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಕುಂಬಳಕಾಯಿ ಎಷ್ಟು ಬೇಕು ಅಂತ ಚರ್ಚೆ ಶುರುವಾಯಿತು. ಅಕ್ಕ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಳು. ಒಳಗೆ ಹೋದಳು.

ಬೊಜ್ಜದ ದಿನ ಅವಳು ಬಿಳಿ ಸೀರೆ ಉಟ್ಟು ಮಾವನ ಎಡೆಗೆ ಬಡಿಸಿದಳು. ಅನ್ನ, ಸಾರು, ಪಲ್ಯ, ಕಡುಬು, ನೀರು. ಒಂದೂ ತಪ್ಪಲಿಲ್ಲ. ಅಳುವವರ ನಡುವೆ ಅವಳು ಅಳಲೂ ಇಲ್ಲ. "ಗಟ್ಟಿ ಹುಡುಗಿ" ಎಂದು ಯಾರೋ ಹೊಗಳಿದರು. ನನಗೆ ಅವಳ ಮುಖ ನೋಡಿ ಹೆದರಿಕೆಯಾಯಿತು. ಅದರಲ್ಲಿ ಎಂತದ್ದೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಬರೆದಳು. ಆ ಪೇಪರಿನಲ್ಲೂ ಒಳ್ಳೆಯ ಮಾರ್ಕೇ ಬಂತು. ಎಲ್ಲ ಕೂಡಿಸಿದರೆ ಆ ವರ್ಷದ ಮೊದಲ ರ‍್ಯಾಂಕಿನವರಿಗಿಂತ ಅವಳದ್ದೇ ಹೆಚ್ಚು ಎಂದು ಅವಳ ಮೇಷ್ಟ್ರು ಮನೆಗೇ ಬಂದು ಹೇಳಿದರು. ನಿಯಮವನ್ನೂ ಅವರೇ ಬಿಡಿಸಿ ಹೇಳಿದರು. ಆಗಲೇ ಆ ಮನೆಯವರಿಗೂ ನಮಗೂ ಗೊತ್ತಾದದ್ದು. ಅಯ್ಯೋ ದೇವರೇ ಅಂತ ನಮ್ಮ ಅಮ್ಮ ಎದೆ ಹಿಡಿದುಕೊಂಡರು. ದೊಡ್ಡಮ್ಮ ಮಾತ್ರ ಸ್ವಲ್ಪ ಯೋಚಿಸಿ, "ಹಾಗಾದ್ರೆ ರ‍್ಯಾಂಕ್ ಬರ್ಲಿಲ್ಲ ಅಂತ ಆಯ್ತಲ್ಲ. ಸತ್ತವರ ಮಾತು ಮೀರ್ಲಿಕ್ಕುಂಟಾ?" ಎಂದರು. ಆ ಹೆಂಗಸಿನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಹೋಗಿಲ್ಲ, ಅವರು ಹೋಗಿ ಎಷ್ಟೋ ವರ್ಷವಾಯಿತು. ಮುಂದಿನ ಮಳೆಗಾಲದ ಮೊದಲೇ ಮದುವೆ ಆಯಿತು. ಅಕ್ಕ ಬೊಂಬಾಯಿ ಬಸ್ಸು ಹತ್ತಿದಳು. ಹೊರಡುವಾಗ ಅವಳ ಪುಸ್ತಕಗಳನ್ನೆಲ್ಲ ನಮ್ಮ ಜಗಲಿಯಲ್ಲಿಟ್ಟು, "ನೀನು ಓದು" ಎಂದಳು, ಅಷ್ಟೇ.

ಮತ್ತೆ ಸರಿಯಾಗಿ ಮಾತಾಡಲು ಸಿಕ್ಕಿದ್ದು ತೊಂಬತ್ತರ ದಶಕ ಮುಗಿಯುತ್ತ ಬರುವಾಗ. ತಾಯಿಯನ್ನು ನೋಡಲು ಬಂದಿದ್ದಳು. ನಾನು ಆಗ ಉಪ್ಪಳದ ಹತ್ತಿರ ಒಂದು ಟ್ಯುಟೋರಿಯಲ್ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಅಕ್ಕ ದಪ್ಪವಾಗಿದ್ದಳು, ಮಾತಿಗೆ ಹಿಂದಿ ಸೇರಿತ್ತು. ಗಂಡ ಒಳ್ಳೆಯವನೇ, ಎಂತ ಕೊರತೆಯೂ ಇಲ್ಲ ಎಂದಳು. ಯಾರದೋ ಪಡಿತರ ಚೀಟಿಯ ವಿಷಯ ಹೇಳುವ ಹಾಗೆ ಹೇಳಿದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ಆ ನಿಯಮ ಒಂದು ನಿನಗೆ ಮೊದಲೇ ಗೊತ್ತಿದ್ದಿದ್ರೆ..." ಎಂದೆ.

"ಗೊತ್ತಿತ್ತು" ಎಂದಳು.

"ಎಂತ, ಗೊತ್ತಿತ್ತಾ?" ಎಂದೆ.

"ಕಾಲೇಜಿಗೆ ಸೇರಿದ ವರ್ಷವೇ ಮೇಷ್ಟ್ರು ಹೇಳಿದ್ರು ಮಾರಾಯ್ತಿ. ಗೊತ್ತಿಲ್ಲದೆ ಎಂತ? ಆ ದಿನ ಬಾಗಿಲ ಹತ್ತಿರ ನಿಂತದ್ದೇ ಅದಕ್ಕೆ. 'ನೀನು ಪರೀಕ್ಷೆಗೆ ಹೋಗ್ತೀಯಾ' ಅಂತ ಒಬ್ರಾದ್ರೂ ಕೇಳ್ತಾರಾ ಅಂತ ನೋಡಿದೆ. ಕೇಳಿದ್ರೆ ಹೋಗ್ತಿದ್ದೆ." ಚಾದ ಲೋಟ ತೆಗೆದುಕೊಂಡು, "ನಾನಾಗಿ ಹೇಳ್ಬಹುದಿತ್ತು. ಬಾಯಿ ಬರ್ಲಿಲ್ಲ" ಎಂದಳು.

ದೂರು ಹೇಳುವ ಧ್ವನಿಯೇ ಅಲ್ಲ ಅದು. ನನಗೂ ಅಳು ಬರಲಿಲ್ಲ. ಅವಳು ಚಾ ಕುಡಿದು ಎದ್ದು ಹೋದಳು... ಅದಾಗಿ ಹೆಚ್ಚು ಸಮಯವಾಗಲಿಲ್ಲ, ಬೊಂಬಾಯಿಯಿಂದ ಸುದ್ದಿ ಬಂತು. ಹೊಟ್ಟೆಯಲ್ಲಿ ಗಡ್ಡೆ, ಗೊತ್ತಾಗುವಾಗ ತಡವಾಗಿತ್ತಂತೆ. ಕ್ರಿಯೆಯನ್ನೂ ಅಲ್ಲೇ ಮುಗಿಸಿದರು.

"ಆಂಟಿ, ಕೇಳ್ತಾ ಇದ್ದೀರಾ? ಇನ್ನೂ ಉಂಟು ನಿಯಮ" ಎಂದಳು ಹುಡುಗಿ. ಅಪ್ಪ ಬಿ.ಕಾಂ. ಎನ್ನುತ್ತಿದ್ದಾರೆ, ಅಮ್ಮ ನರ್ಸಿಂಗ್ ಎನ್ನುತ್ತಿದ್ದಾರೆ ಎಂದಳು. ಆ ಮೊಬೈಲ್ ಸ್ವಲ್ಪ ಕೆಳಗಿಡು ಎಂದೆ. "ನಿನಗೆ ಎಂತ ಓದ್ಬೇಕು?" ಎಂದು ಕೇಳಿದೆ.

ಅವಳು ಮೊದಲು ತಡವರಿಸಿದಳು. ಆಮೇಲೆ ಹೇಳಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ನಾನು ಕೇಳುತ್ತ ಕೂತೆ. ಅಕ್ಕ ಇಲ್ಲ. ಆ ದಿನ ಜಗಲಿಯಲ್ಲಿ ಕೂತು ಅವಳನ್ನು ಕೇಳಬಹುದಾಗಿದ್ದ ಹಿರಿಯರಲ್ಲೂ ಈಗ ಒಬ್ಬರೂ ಇಲ್ಲ.