ದಸರೆಯೊಳಗೆ ತರಬೇಕಾಗಿದ್ದ ದೋಣಿ

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ವರ್ಷ ನಾನು ಸರ್ಕಾರದಿಂದ ಹಿಡಿದು ಲಾರಿ ಡ್ರೈವರ್‌ವರೆಗೆ ಎಲ್ಲರನ್ನೂ ಬಾಯಿಗೆ ಬಂದಂತೆ ಬೈದಿದ್ದೇನೆ.

ನಾನು ಮದುವೆಯಾದವಳಲ್ಲ. ಸನತ್‌ನಗರದಲ್ಲಿ ಅಣ್ಣನ ಮನೆಯಲ್ಲಿ ಅವ್ವನ ಜೊತೆ ಇದ್ದೇನೆ. ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ನಾನು ಸರ್ಕಾರಿ ಕಚೇರಿಯಲ್ಲಿ ಕಡತ ಕಟ್ಟುವವಳು, ವೈನಿ ಮನೆಯಲ್ಲೇ ಬ್ಲೌಸ್ ಹೊಲಿಯುವವರು. ನಲವತ್ತು ದಾಟಿದ ಮೇಲೆ ನಮ್ಮಿಬ್ಬರಿಗೂ ಹಾಯಿದೋಣಿಯ ಹುಚ್ಚು ಹತ್ತಿತು. ಹುಸೇನ್ ಸಾಗರ ಕೆರೆಯ ದಂಡೆಯ ಒಂದು ಕ್ಲಬ್ಬಿನಲ್ಲಿ ಭಾನುವಾರಗಳಂದು ಕಲಿಸುತ್ತಿದ್ದರು. ನೆಂಟರು ಮೂಗು ಮುರಿದರು. ಅವರ ಮೂಗು ಅವರಿಗೇ ಇರಲಿ ಎಂದು ನಾವು ನೀರಿಗಿಳಿದೆವು. ಸೀರೆಯ ಮೇಲೆ ಲೈಫ್ ಜಾಕೆಟ್ ತೊಟ್ಟು ವೈನಿ ಹಗ್ಗ ಎಳೆಯುವುದನ್ನು ನೋಡಿದವರು ಎರಡನೆಯ ಸಲ ನಗುತ್ತಿರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಕ್ಲಬ್ಬಿನವರು ಹೊಸ ನಿಯಮ ಮಾಡಿದರು. ಕಲಿಕೆಯ ದೋಣಿಗಳು ಇನ್ನು ಮಕ್ಕಳಿಗೆ ಮಾತ್ರ, ದೊಡ್ಡವರು ಸ್ವಂತ ದೋಣಿ ತರಬೇಕು. ದಂಡೆಯಲ್ಲಿ ದೋಣಿ ನಿಲ್ಲಿಸಲು ನಮಗೊಂದು ಜಾಗ ಗೊತ್ತುಮಾಡಿದರು, ಆದರೆ ದಸರೆಯೊಳಗೆ ತಂದು ನಿಲ್ಲಿಸದಿದ್ದರೆ ಅದು ಪಟ್ಟಿಯಲ್ಲಿದ್ದ ಮುಂದಿನವರ ಪಾಲು. ಜಾಗ ಹೋಯಿತೆಂದರೆ ನಮ್ಮ ಹಾಯಿಯ ಕಥೆ ಅಲ್ಲಿಗೇ ಮುಗಿಯಿತು.

ವಿಶಾಖಪಟ್ಟಣದ ಒಬ್ಬ ನಿವೃತ್ತರ ಹಿತ್ತಿಲಲ್ಲಿ ಇಬ್ಬರು ಕೂರುವ ಹಳೆಯ ಮರದ ದೋಣಿ ಸಿಕ್ಕಿತು. ಲಾರಿಯೂ ಗೊತ್ತಾಯಿತು. ಶುಕ್ರವಾರ ಹೊರಟು ಶನಿವಾರ ಮನೆಗೆ ಬರುತ್ತೇನೆ ಎಂದ ಡ್ರೈವರ್. ಶನಿವಾರ ಎಂದದ್ದೇ ನನ್ನ ತಲೆ ಕೆಟ್ಟಿತು. ಶನಿವಾರ ಕಬ್ಬಿಣ ಮನೆಗೆ ತರಬಾರದು. ನಮ್ಮ ಮನೆಯಲ್ಲಿ ಆ ದಿನ ಒಂದು ಮೊಳೆಯೂ ಹೊಸ್ತಿಲು ದಾಟಿದ್ದಿಲ್ಲ. ದೋಣಿ ಮರದ್ದು, ಸರಿ. ಆದರೆ ಗಾಳಿಗೆ ಅದು ಪಕ್ಕಕ್ಕೆ ಜಾರದಂತೆ ನೀರಿಗಿಳಿಸುವ ಹಲಗೆ ಅಪ್ಪಟ ಕಬ್ಬಿಣ. ರೋಗ ಹಬ್ಬುತ್ತಿದೆ, ಭಾನುವಾರ ಎಲ್ಲರೂ ಮನೆಯಲ್ಲೇ ಇರಬೇಕೆಂದು ಸರ್ಕಾರ ಹೇಳಿತ್ತು. ಹಾಗಾದರೆ ಸೋಮವಾರ ಬಾರಪ್ಪ, ಎರಡು ದಿನದಲ್ಲಿ ಏನಾಗುತ್ತದೆ ಎಂದು ಯಾರನ್ನೂ ಕೇಳದೆ ನಾನೇ ಫೋನ್ ಮಾಡಿ ತಡೆದೆ.

ಸೋಮವಾರ ಡ್ರೈವರ್ ಫೋನ್ ಮಾಡಿದ. “ಅಮ್ಮಾ, ಬಾರ್ಡರ್ ಬಂದ್ ಚೇಶಾರು.”

ಗಡಿ ಮುಚ್ಚಿತು, ಊರು ಮುಚ್ಚಿತು, ಕೆರೆಯೂ ಮುಚ್ಚಿತು. ಯುಗಾದಿ ಹೋಯಿತು, ಬೇಸಿಗೆ ಹೋಯಿತು. ಗಡಿ ದಾಟಲು ಲಾರಿಗೆ ಪಾಸ್ ಕೇಳಿದರೆ, ಯಾವ ಅಗತ್ಯ ವಸ್ತು ಎಂದು ಕೇಳುತ್ತಿದ್ದರು. ಹಾಯಿದೋಣಿ ಎಂದು ಬರೆಯಲು ನನ್ನಂಥ ಜಗಳಗಂಟಿಗೂ ಧೈರ್ಯ ಬರಲಿಲ್ಲ. ಕ್ಲಬ್ಬಿನವರಿಗೆ ಫೋನ್ ಮಾಡಿದರೆ ದಸರೆ ಎಂದರೆ ದಸರೆಯೇ ಎಂದರು. ವೈನಿ ದಿನಾ ಫೋನಿನಲ್ಲಿ ಆ ಡ್ರೈವರನನ್ನು ದಬಾಯಿಸುತ್ತಿದ್ದರು. “ಹೇಳಿದ ದಿನಾ ಹೊಂಟಿದ್ರ ಏನಾಗ್ತಿತ್ತಪಾ ನಿನಗ?” ಅವನು ಪಾಪ, ನನ್ನ ಹೆಸರು ಹೇಳಲಿಲ್ಲ. ಒಂದು ದಿನ ಮೆಂತೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ ನನಗೆ ತಡೆಯಲಾಗಲಿಲ್ಲ.

“ವೈನಿ, ಅವನ್ನ ಬೈಬ್ಯಾಡ್ರಿ. ತಡದಾಕಿ ನಾನs. ಶನಿವಾರ ಕಬ್ಬಿಣ ಅಂತ.”

ವೈನಿ ಸೊಪ್ಪು ಕೆಳಗಿಟ್ಟು ಎದ್ದು ಒಳಗೆ ಹೋದರು. ಅವ್ವ ಮಾತ್ರ ಮೂಲೆಯಿಂದ ನನ್ನನ್ನು ದುರುಗುಟ್ಟಿ ನೋಡಿದಳು. “ನನ್ನ ಒಂದ್ ಮಾತ್ ಕೇಳಬಾರದಿತ್ತೇನs? ಕಬ್ಬಿಣ ಅಂದ್ರ ತವಾ, ಕೊಡಲಿ. ದೋಣಿಗೆ ಎಲ್ಲಿ ವಾರ, ಎಲ್ಲಿ ತಿಥಿ? ಆಫೀಸಿಗೆ ಹೋಗಿ ಇಷ್ಟs ಕಲ್ತೇನು?”

ಮೂರು ದಿನ ವೈನಿ ನನ್ನ ಜೊತೆ ಮಾತಾಡಲಿಲ್ಲ. ಅವರಿಗೆ ಆ ಭಾನುವಾರಗಳು ಎಷ್ಟು ಬೇಕಾಗಿದ್ದವು ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತು?

ನಾಲ್ಕನೆಯ ದಿನ ಅವರು ಮಾಳಿಗೆಯಿಂದ ದಡದಡ ಇಳಿದು ಬಂದರು. ನಮ್ಮ ಹಿಂದಿನ ಗಲ್ಲಿಯಲ್ಲಿ ಕಬ್ಬಿಣದ ಮಂಚ ಮಾಡುವ ಸಣ್ಣ ಕಾರ್ಖಾನೆಯಿದೆ. ಅಲ್ಲಿ ಲಾರಿಗೆ ಆಸ್ಪತ್ರೆಯ ಮಂಚಗಳನ್ನು ಹೇರುತ್ತಿದ್ದದ್ದನ್ನು ಅವರು ಮೇಲಿಂದ ಕಂಡಿದ್ದರು. ಮಾಲೀಕರು ಬೀದರ ಕಡೆಯವರು, ಅವರ ಹೆಂಡತಿಯ ಬ್ಲೌಸಿನ ಅಳತೆ ವೈನಿಗೆ ಬಾಯಿಪಾಠ. ವೈನಿ ಕಾಂಪೌಂಡಿನ ಈಚೆ ನಿಂತು ಕೂಗಿ ಕೇಳಿದರು.

“ಮಂಚ ಎಲ್ಲಿಗೆ ಹೊಂಟಾವ್ರಿ?”

“ವಿಶಾಖಪಟ್ಟಣದ ದವಾಖಾನಿಗ್ರಿ ಅಕ್ಕಾರ.”

“ಹೊಳ್ಳಿ ಬರೂಮುಂದ ಲಾರಿ ಖಾಲಿ ಏನ್ರಿ?”

ಖಾಲಿ! ಪಾಸ್ ಹೋಗಿ ಬರುವುದಕ್ಕೆ, ಲಾರಿ ಖಾಲಿ! ನನಗೆ ಅಲ್ಲೇ ಕುಣಿಯಬೇಕೆನಿಸಿತು. ವೈನಿ ನನ್ನ ಕಡೆ ತಿರುಗಿ, ಮೂರು ದಿನದ ಮೇಲೆ ಮೊದಲ ಮಾತಾಡಿದರು. “ಈ ಸಲ ನೀ ಫೋನ್ ಮುಟ್ಟಬ್ಯಾಡ.” ನಾನು ಮುಟ್ಟಲಿಲ್ಲ.

ಆಷಾಢದ ಒಂದು ಮಧ್ಯಾಹ್ನ ದೋಣಿ ನಮ್ಮ ಗಲ್ಲಿಗೆ ಬಂತು. ಲಾರಿಯ ಹಿಂದೆ ಉದ್ದಕ್ಕೆ ಚಾಚಿದ ಹಾಯಿಯ ಕಂಬ, ಅದರ ತುದಿಗೆ ಕೆಂಪು ಬಟ್ಟೆ. ಗಡಿಯಲ್ಲಿ ಪೊಲೀಸರು ಕಾಗದ ನೋಡಿ, ದೋಣಿ ನೋಡಿ, ಕೊನೆಗೆ ಅದರ ಮುಂದೆ ನಿಂತು ಫೋಟೊ ಹೊಡೆಸಿಕೊಂಡು ಬಿಟ್ಟರಂತೆ. ಗೇಟಿಗಿಂತ ದೋಣಿ ಅಗಲ. ಅಣ್ಣನೂ ಕಾರ್ಖಾನೆಯ ಏಳು ಜನರೂ ಮಾಸ್ಕ್ ಕಟ್ಟಿಕೊಂಡು ಅದನ್ನು ಗೋಡೆಯ ಮೇಲಿಂದ ಎತ್ತಿ ಇಳಿಸಿದರು. ಒಬ್ಬರಿಗೊಬ್ಬರು ದೂರ ನಿಲ್ಲಲು ಆ ವರ್ಷ ಅಷ್ಟು ಒಳ್ಳೆಯ ಸಾಮಾನು ಇನ್ನೊಂದಿರಲಿಲ್ಲ. ಅವ್ವ ಅದರ ಮೂತಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದಳು.

ಹಾಯಿಯನ್ನು ಇಲಿ ಕಡಿದಿತ್ತು. ಸುಲ್ತಾನ್ ಬಜಾರಿನ ಅಂಗಡಿಗಳು ತೆರೆದಿದ್ದವು. ಅಲ್ಲಿಂದ ಗಟ್ಟಿ ದಾರ ತಂದು ವೈನಿ ತಮ್ಮ ಹೊಲಿಗೆ ಯಂತ್ರದಲ್ಲೇ ತೇಪೆ ಹಾಕಿದರು. ನಾನು ದೋಣಿಯನ್ನು ಉಜ್ಜಿದೆ, ಬಣ್ಣ ಬಳಿದೆ, ಬೈಸಿಕೊಂಡೆ, ಮತ್ತೆ ಉಜ್ಜಿದೆ. ಕೆರೆ ತೆರೆಯಿತು ಎಂಬ ಸುದ್ದಿ ಬಂದಾಗ ದಸರೆಗೆ ಒಂಬತ್ತು ದಿನ ಉಳಿದಿತ್ತು. ಮರುದಿನವೇ ನಮ್ಮ ಜಾಗದಲ್ಲಿ ನಮ್ಮ ದೋಣಿ ನಿಂತಿತು. ಪಟ್ಟಿಯ ಮುಂದಿನವರು ಬಂದು ನೋಡಿ, ಪಾಪ, ಒಳ್ಳೆಯ ಮಾತನ್ನೇ ಆಡಿ ಹೋದರು.

ಭಾನುವಾರ ನೀರಿಗಿಳಿದೆವು. ಕಲಿಕೆಯ ದೋಣಿಯಲ್ಲಿ ಚುಕ್ಕಾಣಿ ಯಾವಾಗಲೂ ಬೇರೆಯವರ ಕೈಯಲ್ಲಿರುತ್ತಿತ್ತು. ಅವತ್ತು ವೈನಿ ಹಿಡಿದರು, ನಾನು ಹಗ್ಗ ಹಿಡಿದೆ. ಮೊದಲು ಗಾಳಿ ಇರಲಿಲ್ಲ; ಆಮೇಲೆ ಬಂತು. ತೇಪೆಯ ಹಾಯಿ ಪಟ್ಟೆಂದು ತುಂಬಿಕೊಂಡಿತು, ದೋಣಿ ವಾಲಿತು, ಕೆರೆಯ ನಡುವಿನ ಬುದ್ಧನ ಮೂರ್ತಿ ನಮ್ಮ ಕಡೆಗೇ ಓಡಿ ಬಂದಂತಾಯಿತು. ಇಷ್ಟು ಖುಷಿ ನನ್ನ ಜೀವಮಾನದಲ್ಲಿ ಪಟ್ಟವಳಲ್ಲ ನಾನು. ಮೂರ್ತಿ ಹಿಂದೆ ಬಿದ್ದರೂ ವೈನಿ ತಿರುಗಿಸುವ ಲಕ್ಷಣ ಕಾಣಲಿಲ್ಲ.

“ವೈನಿ, ಭಾಳ ಹೊತ್ತಾತು, ತಿರುಗೂಣೇನ್ರಿ?”

“ಯಾಕ? ಯಾರ ದೋಣಿ ಇದು?”

“ನಮ್ದುರೀ!” ಎಂದೆ. ದಂಡೆಗೆ ಕೇಳುವಷ್ಟು ಜೋರಾಗಿ ಎಂದೆ.