ಚುಕ್ಕಿ ಹುಡುಗನ ಗಡ್ಡ

ನಮ್ಮ ವಠಾರದ ಬೊಯಾಡುಗೆ ನಲವತ್ತು ದಾಟಿ ಎಷ್ಟೋ ಕಾಲವಾಯಿತು. ಬೆಳಿಗ್ಗೆ ಎದ್ದು ನಲ್ಲಿಯ ಪಕ್ಕದ ಗೋಡೆಗೆ ಕನ್ನಡಿ ಆನಿಸಿ ಗಡ್ಡ ಹೆರೆದುಕೊಳ್ಳುತ್ತಾನೆ. ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಫುಫು ಮುದ್ದೆ ನುಂಗಿ, ಕೈ ತೊಳೆದು, ಇನ್ನೊಮ್ಮೆ ಹೆರೆದುಕೊಳ್ಳುತ್ತಾನೆ. ಮೊಣಕಾಲಿನ ಕೂದಲನ್ನೂ ಬಿಡುವುದಿಲ್ಲ. ಆಮೇಲೆ ಚಡ್ಡಿ ಏರಿಸಿಕೊಂಡು, ಕಳೆದುಹೋದ ಅಮ್ಮನನ್ನು ಹುಡುಕಲು ನಕ್ಷತ್ರಲೋಕಕ್ಕೆ ಹೊರಡುತ್ತಾನೆ. ಹೊಟ್ಟೆಪಾಡು, ನಗಬೇಡಿ. ನಗಬೇಕಾದ ಕಡೆ ನಾನೇ ಹೇಳುತ್ತೇನೆ.

ನಾನು ಪೊಕುವಾ. ಕುಮಾಸಿ ಪಟ್ಟಣದಲ್ಲಿ ಮೆಕ್ಯಾನಿಕ್ಕರ ಬೀದಿ ಮುಗಿಯುವ ಕಡೆ ನನ್ನ ಫುಫು ಅಂಗಡಿ. ಅದಕ್ಕೆ ಅಂಟಿಕೊಂಡ ಹಾಳು ಅಂಗಳದಲ್ಲಿ ಟುಮಾಸಿ ಎಂಬ ಮಹಾನುಭಾವ ಸಿನಿಮಾ ತೆಗೆಯುತ್ತಾನೆ. ಅವನೇ ನಿರ್ಮಾಪಕ, ಅವನೇ ನಿರ್ದೇಶಕ, ಬಿಸಿಲು ಜಾಸ್ತಿಯಾದರೆ ಕೊಡೆ ಹಿಡಿಯುವವನೂ ಅವನೇ. ಒಂದು ಹಳೆಯ ಬಾಡಿಗೆ ವ್ಯಾನಿನ ಚಕ್ರ ಕಿತ್ತು, ಮೂತಿಗೆ ತಗಡಿನ ಚೂಪು ಬೆಸೆದು, ಬೆಳ್ಳಿ ಬಣ್ಣ ಬಳಿದು ರಾಕೆಟ್ ಮಾಡಿಕೊಂಡಿದ್ದಾನೆ. ಬಣ್ಣ ಸಾಲದೆ ಹಿಂಬದಿಯಲ್ಲಿ 'ಅಂತರ ಕಾಯ್ದುಕೊಳ್ಳಿ' ಎಂಬ ಬರಹ ಹಾಗೇ ಉಳಿದಿದೆ. ಅಲ್ಲಿ ಆಕಾಶದಲ್ಲಿ ಯಾರಿಂದ ಅಂತರವೋ ಅವನಿಗೇ ಗೊತ್ತು. ನಾಯಕನ ಹೆಲ್ಮೆಟ್ಟು ಮಾತ್ರ ನನ್ನ ಸಾರಿನ ಪಾತ್ರೆ. 'ಒಂದು ದಿನದ ಮಟ್ಟಿಗೆ ಕೊಡು ಅಕ್ಕಾ' ಎಂದು ಒಯ್ದವರು ಇವತ್ತಿಗೂ ತಂದುಕೊಟ್ಟಿಲ್ಲ.

ಸಿನಿಮಾದ ಹೆಸರು 'ಚುಕ್ಕಿ ಹುಡುಗ'. ಕೆಂಪು ಗ್ರಹದವರು ಹುಡುಗನ ತಾಯಿಯನ್ನು ಹೊತ್ತೊಯ್ದಿದ್ದಾರೆ. ಹುಡುಗ ಗ್ರಹದಿಂದ ಗ್ರಹಕ್ಕೆ ಅಲೆಯುತ್ತಾನೆ, ಅಳುತ್ತಾನೆ, ಏಟು ತಿನ್ನುತ್ತಾನೆ. ಕೊನೆಯಲ್ಲಿ ತಂದೆ ಮಹಾರಾಜ ಬಂದೂಕು ಎತ್ತಿ ಅವನ ಕೈಗೆ ಕೊಡಲು ಹೊರಡುತ್ತಾನೆ. ಅಪ್ಪ ಬಂದೂಕು ಕೊಟ್ಟ ಮೇಲೆ ಮಗ ಗಂಡಸಾದ ಎಂಬುದು ನಮ್ಮಲ್ಲಿ ತಾತಂದಿರ ಕಾಲದಿಂದ ಬಂದ ಲೆಕ್ಕ. ಬಂದೂಕು ಬೆರಳಿಗೆ ತಾಕಬೇಕು, ಅಷ್ಟರಲ್ಲಿ ಢಂ ಎಂದು ಏನೋ ಸಿಡಿದು, ಉಳಿದದ್ದು ಮುಂದಿನ ಭಾಗದಲ್ಲಿ. ಹೀಗೇ ಹನ್ನೊಂದು ಭಾಗ ಬಂತು. ಮೊದಲ ಭಾಗ ಬಂದಾಗ ಬೊಯಾಡುಗೆ ಮದುವೆಯಾಗಿ ಮಗಳು ಅಂಬೆಗಾಲಿಡುತ್ತಿದ್ದಳು. ಈಗ ಆ ಮಗಳಿಗೇ ಗಂಡು ಬಂದಿದೆ. ಚುಕ್ಕಿ ಹುಡುಗನಿಗೆ ಇನ್ನೂ ಹದಿನಾರು!

ದೇವರು ಅವನಿಗೆ ಗಿಡ್ಡ ಮೈ, ಗುಂಡು ಮುಖ, ಕೊಳಲಿನಂಥ ಸಣ್ಣ ದನಿ ಕೊಟ್ಟ. ಅದರಿಂದ ಅನ್ನವೂ ಬಂತು, ಅವಮಾನವೂ ಬಂತು. ಮಾರುಕಟ್ಟೆಗೆ ಹೋದರೆ ಮುದುಕಿಯರು ಕೆನ್ನೆ ಹಿಂಡಿ 'ಅಮ್ಮ ಸಿಕ್ಕಿದಳೇನೋ ಮರಿ?' ಎಂದು ಕಿತ್ತಳೆ ಕೊಡುತ್ತಾರೆ. ಸಾವಿನ ಮನೆಯಲ್ಲಿ ಹಿರಿಯರ ಸಾಲಿನ ಕುರ್ಚಿಯಲ್ಲಿ ಕೂತರೆ ಯಾರಾದರೊಬ್ಬರು 'ಏಳು ಪುಟ್ಟಾ, ದೊಡ್ಡವರು ಬಂದರು' ಎನ್ನುತ್ತಾರೆ. ಅವನು ಏಳುತ್ತಾನೆ. ನನಗೆ ಮೈ ಉರಿಯುವುದು ಅದಕ್ಕೇ.

ಎಲ್ಲರಿಗಿಂತ ಹೆಚ್ಚು ಉರಿಸುವವನು ಅವನ ಹೆಂಡತಿ ಸೆರ್ವಾಳ ಅಣ್ಣ ಚೆರೆಮೆ. ಗಾಡಿಯ ಬಿಡಿಭಾಗ ಮಾರುವ ಅಂಗಡಿ ಇದೆ, ದಪ್ಪ ಗಡಿಯಾರ ಇದೆ, ಗುಡುಗುವ ಗಂಟಲಿದೆ. ಮಗಳು ಅಫ್ರಿಯೆಯನ್ನು ನೋಡಿ ಮೆಚ್ಚಿದ ಗಂಡಿನ ಕಡೆಯವರು ಬಾಗಿಲು ಬಡಿದು ಹೆಣ್ಣು ಕೇಳುವ ಶಾಸ್ತ್ರಕ್ಕೆ ಬರುತ್ತೇವೆಂದು ಹೇಳಿ ಕಳಿಸಿದ ದಿನವೇ ಅವನು ವಠಾರಕ್ಕೆ ಬಂದು ಕುರ್ಚಿ ಎಳೆದುಕೊಂಡು ಕೂತ.

ಆ ಶಾಸ್ತ್ರದಲ್ಲಿ ದೊಡ್ಡದೊಂದೇ ಗಳಿಗೆ. ಗಂಡಿನವರು ತಂದ ಮದ್ಯದ ಸೀಸೆಯನ್ನು ಮುಂದಿಟ್ಟು, ಹುಡುಗಿಯನ್ನು ಕರೆಸಿ, 'ಈ ಸೀಸೆ ತಗೊಳ್ಳೋಣವೇ?' ಎಂದು ಮೂರು ಸಲ ಕೇಳಬೇಕು. ಮೂರು ಸಲವೂ ಅವಳು ಹೂಂ ಅನ್ನಬೇಕು. ಆ ಪ್ರಶ್ನೆಯನ್ನು ತಾನೇ ಕೇಳಬೇಕು ಎನ್ನುವುದು ಬೊಯಾಡುವಿನ ಆಸೆ. ಬೇರೆ ಏನನ್ನೂ ಅವನು ಯಾರ ಹತ್ತಿರವೂ ಬೇಡಿದವನಲ್ಲ.

"ನಾನ್ ಕೇಳ್ತೀನಿ" ಎಂದ ಚೆರೆಮೆ.

"ಅಪ್ಪ ನಾನಲ್ವಾ ಭಾವಾ?"

"ಅಪ್ಪ ನೀನೇ ಕಣಯ್ಯಾ, ಯಾರ್ ಇಲ್ಲ ಅಂದ್ರು? ಆದ್ರೆ ನೀನು ಬಾಯಿ ಬಿಟ್ರೆ ಗಂಡಿನ್ ಕಡೇರು ಹೊಟ್ಟೆ ಹಿಡ್ಕೊಂಡ್ ನಗ್ತಾರೆ. ಅವರ ಅಜ್ಜೀಗೆ ಹನ್ನೊಂದು ಭಾಗಾನೂ ಬಾಯಿಪಾಠ ಅಂತೆ. ಗಂಡಸಾಗಿ ಬಾ, ಕೇಳು, ನಾನು ಪಕ್ಕಕ್ಕೆ ಸರೀತೀನಿ."

ಬೊಯಾಡು ನೇರವಾಗಿ ಟುಮಾಸಿಯ ಹತ್ತಿರ ಹೋದ. ನಾನು ಮಡಕೆ ತಿಕ್ಕುವ ನೆಪದಲ್ಲಿ ಬೇಲಿಯ ಹತ್ತಿರ ನಿಂತೆ.

"ಈ ಭಾಗದಲ್ಲಿ ಬಂದೂಕು ಕೊಡಿಸಿ ಸಾರ್. ಹುಡುಗ ದೊಡ್ಡವನಾಗ್ಲಿ."

ಟುಮಾಸಿಗೆ ಎದೆಗೆ ಒದ್ದಂತಾಯಿತು. "ದೊಡ್ಡವನಾದ್ರೆ? ಆಮೇಲೆ? ಮದುವೆ ಆಗ್ತಾನೆ, ಬಾಡಿಗೆ ಮನೆ ಹುಡುಕ್ತಾನೆ, ಹಲ್ಲುನೋವು ಅಂತ ಆಸ್ಪತ್ರೇಲಿ ಸಾಲು ನಿಲ್ತಾನೆ. ಅದನ್ನ ನೋಡೋಕೆ ಜನ ಸೀಡಿ ತಗೋಬೇಕಾ? ಮನೇಲೇ ಇದೆಯಲ್ಲೋ ಅದು! ಹೋಗು, ಮೊಣಕಾಲು ಹೆರ್ಕೊಂಡ್ ಬಾ."

ಆ ಸಂಜೆ ಬೊಯಾಡು ನನ್ನ ಅಂಗಡಿಯ ಬೆಂಚಿನ ಮೇಲೆ ತಲೆ ಬಗ್ಗಿಸಿ ಕೂತ. ಸಾರು ತಣ್ಣಗಾಯಿತು. ಆಗ ನನ್ನ ಬಾಯಿಂದಲೇ ಆ ಉಪಾಯ ಹೊರಬಿತ್ತು. "ಪೋಸ್ಟರ್ ಬರೆಯೋನು ಯಾರು?" ಎಂದೆ.

ಟುಮಾಸಿ ಕತೆ ಬರೆದು ಸಿನಿಮಾ ತೆಗೆಯುವವನಲ್ಲ. ಮೊದಲು ಬಾಫೊ ಎಂಬ ಚಿತ್ರಗಾರ ಹಿಟ್ಟಿನ ಚೀಲದ ಬಟ್ಟೆಯ ಮೇಲೆ ಪೋಸ್ಟರ್ ಬರೆಯುತ್ತಾನೆ. ಅದನ್ನು ಮೈಕಿನ ವ್ಯಾನಿಗೆ ಕಟ್ಟಿ ಊರೆಲ್ಲ ತಿರುಗಿಸುತ್ತಾರೆ. ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಆಮೇಲೆ ಪೋಸ್ಟರಿನಲ್ಲಿ ಏನಿದೆಯೋ ಅದನ್ನೆಲ್ಲ ಟುಮಾಸಿ ಹೇಗಾದರೂ ಮಾಡಿ ಸಿನಿಮಾದೊಳಗೆ ತುರುಕಬೇಕು. ಹಿಂದೊಮ್ಮೆ ಬಾಫೊ ಜ್ವರದ ತಾಪದಲ್ಲಿ ಎರಡು ತಲೆಯ ಮೊಸಳೆ ಬರೆದುಬಿಟ್ಟಿದ್ದ. ಸಿನಿಮಾದಲ್ಲಿ ಮೊಸಳೆ ಕಾಣದೆ ಸೀಡಿ ಮಾರುವ ಹೆಂಗಸರು ಟುಮಾಸಿಯ ಮನೆಯ ಮುಂದೆ ನಿಂತು ಅವನ ವಂಶವನ್ನೆಲ್ಲ ಜಾಲಾಡಿದರು. ಮುಂದಿನ ಭಾಗದಲ್ಲಿ ಮೊಸಳೆ ಬಂತು, ಎರಡು ತಲೆಯದೇ, ಕಾರಿನ ಟಯರಿನದು.

ಬಾಫೊಗೆ ಮೇಕೆ ಮಾಂಸದ ಸಾರು ಅಂದರೆ ಪ್ರಾಣ. ದೊಡ್ಡ ತುಂಡುಗಳನ್ನೇ ಆರಿಸಿ ಹಾಕಿದೆ. ಮೂಳೆ ಚೀಪುತ್ತಾ ಕೇಳಿದ: "ಗಡ್ಡ ಎಷ್ಟುದ್ದ ಇರ್ಲಿ ಅಕ್ಕಾ?"

"ಎದೆ ತನಕ ಇರ್ಲಿ. ಜಿಪುಣತನ ಮಾಡಬೇಡ."

ಪೋಸ್ಟರ್ ಬಂತು ನೋಡಿ! ಎದೆಯುದ್ದ ಗಡ್ಡ, ಕಂಬದಂಥ ತೊಡೆ, ತೋಳಿನಷ್ಟು ದಪ್ಪ ಬಂದೂಕು, ತಲೆಯ ಮೇಲೆ ನನ್ನ ಪಾತ್ರೆ. ಕೆಳಗೆ ಕೆಂಪು ಅಕ್ಷರದಲ್ಲಿ 'ಚುಕ್ಕಿ ಹುಡುಗ, ಭಾಗ ಹನ್ನೆರಡು: ಇವತ್ತಿನಿಂದ ಗಂಡಸು!' ವ್ಯಾನು ಊರು ತಿರುಗಿತು. ಗ್ಯಾರೇಜಿನವರು ಹತೋಡಿ ಬಿಟ್ಟು ಬಂದು ನೋಡಿದರು. ಟುಮಾಸಿ ಬಾಫೊನ ಮೇಲೆ ಹಾರಾಡಿದ, ಬ್ರಷ್ಷು ಮುರಿದ, ಕೊನೆಗೆ ತಲೆಯ ಮೇಲೆ ಕೈ ಹೊತ್ತು ಕೂತ. ಊರು ನೋಡಿಯಾಗಿತ್ತು, ಇನ್ನು ಬೇರೆ ದಾರಿ ಇರಲಿಲ್ಲ.

ಬೊಯಾಡು ಕ್ಷೌರದ ಕತ್ತಿ ಮೂಲೆಗೆಸೆದು ಗಡ್ಡ ಬಿಟ್ಟ. ಬಂತು, ಆದರೆ ಗಲ್ಲದ ಹತ್ತಿರ ಬೆಳ್ಳಗೆ ಬಂತು. ಚುಕ್ಕಿ ಹುಡುಗನ ಮುಖದ ಒಳಗೆ ಇಷ್ಟು ದಿನ ಒಬ್ಬ ನಡುವಯಸ್ಸಿನ ಗಂಡಸು ಕೂತಿದ್ದನಲ್ಲ ಅನ್ನಿಸಿತು. ಸೆರ್ವಾ ಮಾತ್ರ ಗಂಡನನ್ನು ಓರೆಗಣ್ಣಲ್ಲಿ ನೋಡಿ, "ಇವರು ಯಾರೋ ನಮ್ಮನೇಗೆ ಬಂದಿದಾರೆ, ಪರವಾಗಿಲ್ಲ, ಚೆನ್ನಾಗಿದಾರೆ" ಎಂದಳು.

ಚಿತ್ರೀಕರಣದ ದಿನ ನಾನು ಅಂಗಡಿ ಮುಚ್ಚಿದೆ. ತಂದೆ ಮಹಾರಾಜನ ವೇಷ ಡಾರ್ಕೊನದು. ಅವನು ಬೊಯಾಡುಗಿಂತ ಚಿಕ್ಕವನು, ಅಂಟಿಸಿದ ಗಡ್ಡದವನು. ನಿಜವಾದ ಗಡ್ಡದ ಮಗನಿಗೆ ಸುಳ್ಳು ಗಡ್ಡದ ಅಪ್ಪ ಬಂದೂಕು ಕೊಡಬೇಕು. ಕ್ಯಾಮೆರಾ ಓಡುವಾಗ "ಮಗನೇ!" ಎಂದು ಗುಡುಗುವುದು, ನಿಂತ ಕೂಡಲೇ "ಅಣ್ಣಾ, ಕೈ ನೋವಾಯ್ತಾ?" ಎಂದು ಕೇಳುವುದು. ಬಂದೂಕು ಕೈಗೆ ಬಂತು. ಏನೂ ಸಿಡಿಯಲಿಲ್ಲ. ಬೊಯಾಡು ಅದನ್ನು ಎದೆಗೊತ್ತಿಕೊಂಡು ನಿಜವಾಗಿ ಅತ್ತ. ಟುಮಾಸಿ ನಿಲ್ಲಿಸು ಎನ್ನುವುದನ್ನೂ ಮರೆತ. ನಾನೂ ಮೂಗು ಒರೆಸಿಕೊಂಡೆ, ಮುಚ್ಚಿಡುವುದೇನು?

ಶಾಸ್ತ್ರಕ್ಕೆ ಇನ್ನು ಕೆಲವೇ ದಿನ ಇರುವಾಗ ಸೀಡಿ ಬಂತು. ವಠಾರದ ನಡುವೆ ಟಿವಿ ಇಟ್ಟೆವು. ಚೆರೆಮೆಯನ್ನು ಬೊಯಾಡುವೇ ಹೋಗಿ ಕರೆದುಕೊಂಡು ಬಂದು ಮುಂದಿನ ಕುರ್ಚಿಯಲ್ಲಿ ಕೂರಿಸಿದ. ಬಂದೂಕು ಕೊಟ್ಟದ್ದು ಬಂತು, ಜನ ಶಿಳ್ಳೆ ಹೊಡೆದರು. ಬೊಯಾಡು ಗಡ್ಡ ನೀವಿಕೊಂಡ. ಮರುಕ್ಷಣ ಪರದೆಯ ಮೇಲೆ ಚುಕ್ಕಿ ಹುಡುಗ ಮಂಚದ ಮೇಲೆ ಕಣ್ಣುಜ್ಜಿಕೊಂಡು ಏಳುತ್ತಿದ್ದಾನೆ! ನುಣ್ಣನೆ ಗಲ್ಲ, ಚಡ್ಡಿ. "ಅಯ್ಯೋ ಅಮ್ಮಾ, ಎಲ್ಲಾ ಕನಸು!" ಮುಂದಿನದು ಭಾಗ ಹದಿಮೂರರಲ್ಲಿ.

ಟುಮಾಸಿ, ಆ ಕಳ್ಳ, ಮೂರನೇ ಭಾಗದಲ್ಲಿ ಮಿಕ್ಕಿದ್ದ ತುಂಡು ತಂದು ಅಂಟಿಸಿದ್ದ. ಪೋಸ್ಟರಿನ ಮಾತೂ ಉಳಿಯಿತು, ಅವನ ಹುಡುಗನೂ ಉಳಿದ.

ಚೆರೆಮೆ ನಕ್ಕ ನಗೆಗೆ ಕುರ್ಚಿ ಕಿರುಗುಟ್ಟಿತು. "ಹೋಗ್ಲಿ ಬಿಡು, ಕನಸಲ್ಲಾದ್ರೂ ಗಂಡಸಾದೆಯಲ್ಲ! ಆ ಮಾತು ನಾನೇ ಕೇಳ್ತೀನಿ, ನೀನ್ ಆರಾಮಾಗಿ ಕೂತ್ಕೋ." ವಠಾರವೂ ನಕ್ಕಿತು. ನಾನೂ ನಕ್ಕೆನೇ? ಇಲ್ಲ. ನಕ್ಕವರಿಗೆ ಮಾರನೆಯ ದಿನ ಸಾರಿನಲ್ಲಿ ಮಾಂಸ ಹಾಕಲಿಲ್ಲ, ಅಷ್ಟೇ.

ಬೊಯಾಡು ಎದ್ದು ಹೋಗಿ, ನಲ್ಲಿಯ ಪಕ್ಕ ಕನ್ನಡಿ ಇಟ್ಟು, ಗಡ್ಡ ತೆಗೆದ. ಹೆಂಡತಿ ಬೇಡವೆಂದರೂ ಕೇಳಲಿಲ್ಲ. ಅಫ್ರಿಯೆ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು.

ಶಾಸ್ತ್ರದ ದಿನ ಗಂಡಿನ ಕಡೆಯವರು ಬಂದರು. ಅವರ ಮಾತುಗಾರ ದೊಡ್ಡ ಬಾಯಿಯವನು. ನಿಮ್ಮ ತೋಟದಲ್ಲಿ ಹೂವು ಕಂಡೆವು, ಕೀಳಲು ಅಪ್ಪಣೆ ಬೇಕು ಎಂದೆಲ್ಲ ಚಂದವಾಗಿ ಹೇಳಿ ಸೀಸೆ ಮುಂದಿಟ್ಟ. ಬೊಯಾಡು ಹೊಸ ಬಟ್ಟೆ ಮೈಗೆ ಸುತ್ತಿ ಹೆಗಲಿಗೆ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದ. ನುಣ್ಣನೆ ಮುಖಕ್ಕೆ ಅಷ್ಟು ದೊಡ್ಡ ಬಟ್ಟೆ, ಅಪ್ಪನದನ್ನು ಕದ್ದು ಉಟ್ಟಂತಿತ್ತು. ಗಂಡಿನ ಅಜ್ಜಿ ಅವನನ್ನು ಕಂಡದ್ದೇ ಮೊಮ್ಮಗನ ಪಕ್ಕೆ ತಿವಿದಳು. "ಚುಕ್ಕಿ ಹುಡುಗಾನೂ ಬಂದಿದಾನೆ! ಹುಡುಗಿ ಅಪ್ಪ ಯಾರೋ?" ಸಭೆ ಕಿಸಕ್ಕೆಂದಿತು.

ಚೆರೆಮೆ ಗಂಟಲು ಸರಿಮಾಡಿಕೊಂಡು ಎದ್ದ. ಅಫ್ರಿಯೆಯನ್ನು ಕರೆಸಿ ಗುಡುಗಿದ: "ಮಗಳೇ, ಈ ಸೀಸೆ ತಗೊಳ್ಳೋಣ್ವಾ?"

ಅಫ್ರಿಯೆ ನೆಲ ನೋಡುತ್ತಾ ನಿಂತಳು. ಮಾತಿಲ್ಲ.

ನಾಚಿಕೆ ಎಂದುಕೊಂಡು ಎಲ್ಲರೂ ನಕ್ಕರು. ಚೆರೆಮೆ ಎರಡನೇ ಸಲ ಕೇಳಿದ. ಮಾತಿಲ್ಲ. ನಗು ನಿಂತಿತು. ಗಂಡು ಹಣೆ ಒರೆಸಿಕೊಂಡ, ಪಾಪ. ಸೆರ್ವಾ ನನ್ನ ಕೈ ಹಿಡಿದಳು.

"ಕಿವಿ ಕೇಳಿಸಲ್ವಾ ನಿಂಗೆ?" ಎಂದ ಚೆರೆಮೆ. "ಮರ್ಯಾದೆ ಕಳೀಬೇಕು ಅಂತಿದೀಯಾ?"

"ಕೇಳಿಸ್ತಿದೆ ಮಾಮ" ಎಂದಳು ಅಫ್ರಿಯೆ ತಲೆ ಎತ್ತಿ. "ಕೇಳಬೇಕಾದವರು ಇನ್ನೂ ಕೇಳಿಲ್ಲ. ನಾನು ಓದಿದ್ದು, ಉಟ್ಟಿದ್ದು, ಉಂಡಿದ್ದು ಎಲ್ಲಾ ಅವರು ಚಡ್ಡಿ ಹಾಕ್ಕೊಂಡು ಅತ್ತಿದ್ದರಿಂದ. ಅವರು ಕೇಳಲಿ. ಇಲ್ಲಾಂದ್ರೆ ಸೀಸೆ ವಾಪಸ್ ತಗೊಂಡ್ ಹೋಗ್ಲಿ."

ಚೆರೆಮೆ ಅತ್ತ ನೋಡಿದ, ಇತ್ತ ನೋಡಿದ, ಆಮೇಲೆ ಗಡಿಯಾರ ನೋಡಿಕೊಂಡು ಕೂತ. ಬೊಯಾಡು ಎದ್ದ. ಬಟ್ಟೆ ಹೆಗಲಿನಿಂದ ಜಾರಿತು, ಸರಿಮಾಡಿಕೊಂಡ. ಬಾಯಿ ಬಿಟ್ಟರೆ ಅದೇ ಕೊಳಲಿನ ದನಿ. ಹನ್ನೆರಡು ಭಾಗದಲ್ಲಿ 'ಅಮ್ಮಾ, ಎಲ್ಲಿದೀಯಾ?' ಎಂದು ಕೂಗಿ ಕುಮಾಸಿಯನ್ನೆಲ್ಲ ಅಳಿಸಿದ, ನಗಿಸಿದ ದನಿ.

"ಅಫ್ರಿಯೆ, ಈ ಸೀಸೆ ತಗೊಳ್ಳೋಣ್ವೇನಮ್ಮಾ?"

"ಹೂಂ ಅಪ್ಪಾ."

ಎರಡನೇ ಸಲ ಕೇಳುವಾಗ ದನಿ ನಡುಗಿತು. ಮೂರನೇ ಸಲ ಒಡೆಯಿತು. ಒಬ್ಬರೂ ನಗಲಿಲ್ಲ. ಗಂಡಿನ ಅಜ್ಜಿ ಕೋಲೂರಿ ಎದ್ದು ನಿಂತು, ಅವನಿಗೆ ಸೊಂಟ ಬಗ್ಗಿಸಿ, "ತಪ್ಪಾಯ್ತು ಬೀಗರೇ, ಕಣ್ಣು ಮಂಜು" ಎಂದಳು.

ಊಟಕ್ಕೆಂದು ಬಂದು ಹಿಂದೆ ಕೂತಿದ್ದ ಟುಮಾಸಿ ಕಣ್ಣೊರೆಸಿಕೊಂಡು ನನ್ನ ಕಿವಿಯಲ್ಲಿ, "ಎಂಥಾ ಸೀನು ಅಕ್ಕಾ! ಕ್ಯಾಮೆರಾ ತರದೇ ಕೆಟ್ಟೆ. ಇನ್ನೊಂದ್ ಸಲ ಕೇಳಿಸೋಕಾಗುತ್ತಾ?" ಎಂದ. ಬಡಿಸುವ ಸೌಟು ನನ್ನ ಕೈಯಲ್ಲೇ ಇತ್ತು. ಆಗುವುದಿಲ್ಲ ಎಂಬುದು ಅವನಿಗೆ ಬೇಗ ತಿಳಿಯಿತು.

ಸೋಮವಾರ ಹದಿಮೂರನೇ ಭಾಗ ಶುರುವಾಯಿತು. ಮದುವೆಯ ಖರ್ಚು ಇದೆಯಲ್ಲ, ಬೊಯಾಡು ಎಂದಿನಂತೆ ಗಲ್ಲ, ಮೊಣಕಾಲು ಹೆರೆದುಕೊಂಡು ಬಂದು ನನ್ನ ಬೆಂಚಿನ ಮೇಲೆ ಕೂತ. ಟುಮಾಸಿ ಅಂಗಳದಿಂದ ಕೂಗಿದ: "ಏ ಹುಡುಗಾ, ಬಾರೋ, ಬಿಸಿಲು ಹೋಗುತ್ತೆ!"

ಬೊಯಾಡು ಕದಲಲಿಲ್ಲ. ಸಾರು ಹೀರುತ್ತಾ ಕೂತ. ಟುಮಾಸಿ ಇನ್ನೊಮ್ಮೆ ಕೂಗಿದ. ಇವನು ಇನ್ನೊಂದು ಗುಟುಕು ಹೀರಿದ. ಕ್ಯಾಮೆರಾದವನು, ಡಾರ್ಕೊ, ಕೆಂಪು ಗ್ರಹದವರು ಎಲ್ಲರೂ ಕಾದು ನಿಂತರು. ಕೊನೆಗೆ ಟುಮಾಸಿ ಕೊಡೆ ಕೆಳಗಿಟ್ಟು ಬೇಲಿಯ ತನಕ ನಡೆದು ಬಂದ.

"ಬೊಯಾಡು ಯಜಮಾನ್ರೇ" ಎಂದ, ಹಲ್ಲು ಕಚ್ಚಿಕೊಂಡೇ. "ದಯವಿಟ್ಟು ಬರ್ತೀರಾ?"

"ಬಂದೆ" ಎಂದ ಬೊಯಾಡು. ಕೈ ತೊಳೆದು, ಚಡ್ಡಿ ಏರಿಸಿಕೊಂಡು, ನನ್ನ ಪಾತ್ರೆಯನ್ನು ತಲೆಗೆ ಹಾಕಿಕೊಂಡು, ಅಮ್ಮನನ್ನು ಹುಡುಕಲು ಹೋದ.