ರಾಮಾಂಜಿನಮ್ಮ ಬದಲಿಸಿದ ಡಿಸ್ಕು

ಹಿಂದೂಪುರದ ಜಯರಾಮಪ್ಪನವರ ಕಂಪ್ಯೂಟರ್ ಸೆಂಟರಿನಲ್ಲಿ ರಾಮಾಂಜಿನಮ್ಮನನ್ನು ಕೇಳದೆ ಯಾರೂ ಒಂದು ಸ್ಕ್ರೂ ಕೂಡ ಬಿಚ್ಚುತ್ತಿರಲಿಲ್ಲ. ಬೆಳುಗುಪ್ಪದ ರೈತರ ಮನೆಯವಳು. ಟೈಪಿಂಗ್ ಹೈಯರ್ ಪರೀಕ್ಷೆ ಪಾಸು ಮಾಡಿ, ಕಂಪ್ಯೂಟರ್ ಬಂದಾಗ ಅದನ್ನೂ ಕಲಿತವಳು. ಗಂಡ, ಮಗಳು ಊರಲ್ಲಿ. ಇವಳು ಇಲ್ಲಿ ಬಾಡಿಗೆ ಕೋಣೆಯಲ್ಲಿ. ಶನಿವಾರದ ಬಸ್ಸು ಹಿಡಿದರೆ ಮಾತ್ರ ಮಗಳ ಮುಖ ಕಾಣುವುದು. ತೊಂಬತ್ತೊಂಬತ್ತನೇ ಇಸವಿಯಲ್ಲಿ ಕಲ್ಯಾಣದುರ್ಗದಲ್ಲಿ ಬ್ರಾಂಚು ತೆರೆಯುವ ಮಾತು ಬಂದಾಗ, ಅದು ತನಗೇ ಎಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡುಬಿಟ್ಟಳು. ಅಲ್ಲಿಂದ ದಿನಾ ಮನೆಗೆ ಹೋಗಿಬರಬಹುದಿತ್ತು.

ಬ್ರಾಂಚು ಸಿಕ್ಕಿದ್ದು ಮಂಗಳಗೌರಿಗೆ. ಸೇರಿ ಇನ್ನೂ ವರ್ಷವಾಗದ ಹುಡುಗಿ. ಅವಳು ನಕ್ಕರೆ ಎದುರಿಗಿದ್ದವರೂ ನಗಬೇಕು, ಅಂಥ ಮುಖ. ಜಯರಾಮಪ್ಪನವರು ಬೆಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪನ್ನೂ ಅವಳಿಗೇ ಕೊಟ್ಟರು. ಅವಳು ಅದರ ಮೇಲೆ ಬೆರಳಾಡಿಸುವುದನ್ನು ಕಂಡಾಗಲೆಲ್ಲ ರಾಮಾಂಜಿನಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಲ್ಯಾಪ್‌ಟಾಪಿನ ಡಿಸ್ಕು ತುಂಬಿಹೋಗಿತ್ತು. ಜಯರಾಮಪ್ಪನವರು ದೊಡ್ಡದೊಂದನ್ನು ತರಿಸಿ ರಾಮಾಂಜಿನಮ್ಮನ ಮುಂದಿಟ್ಟರು.

"ಹಳೇದ್ರಲ್ಲಿರೋ ವಿಂಡೋಸ್, ಪಾಠ, ಎಲ್ಲಾನೂ ಇದಕ್ಕೆ ಹಾಕ್ಬುಡಮ್ಮ. ಓಪನಿಂಗ್ ದಿನ ಗೌರಿ ಜನಕ್ಕೆ ತೋರಿಸ್ಬೇಕು."

"ಆಯ್ತು ಸಾರ್."

ಎರಡೂ ಡಿಸ್ಕುಗಳನ್ನು ಸೆಂಟರಿನ ಕಂಪ್ಯೂಟರಿಗೆ ಸಿಕ್ಕಿಸಿ, ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ನಕಲು ಮಾಡಿದಳು. ಒಂದು ಕೆಲಸ ಉಳಿದಿತ್ತು. ಯಂತ್ರ ಈ ಡಿಸ್ಕಿನಿಂದಲೇ ಶುರುವಾಗಬೇಕೆಂದು ಅದರಲ್ಲಿ ಗುರುತು ಹಾಕಬೇಕು. ಕೆಲವು ಕೀ ಒತ್ತಿದರೆ ಮುಗಿಯುತ್ತಿತ್ತು. ಒತ್ತಲಿಲ್ಲ. ಎಲ್ಲರೆದುರು ಆ ಹುಡುಗಿ ಕಂಗಾಲಾಗಲಿ, ಆಗ ನಾನೆದ್ದು ಸರಿಮಾಡುತ್ತೇನೆ, ಬ್ರಾಂಚು ಯಾರಿಗೆ ಸೇರಬೇಕಿತ್ತೆಂದು ಗೊತ್ತಾಗಲಿ ಎಂದುಕೊಂಡಳು. ಸರಿಮಾಡಲು ಬೇಕಾದ ಫ್ಲಾಪಿಯನ್ನು ಬ್ಯಾಗಿಗೆ ಹಾಕಿಕೊಂಡು, ಹೊಸ ಡಿಸ್ಕು ಜೋಡಿಸಿದ ಲ್ಯಾಪ್‌ಟಾಪನ್ನು ಓಪನಿಂಗ್ ದಿನ ಹೊರಡುವ ಹೊತ್ತಿಗಷ್ಟೇ ಗೌರಿಯ ಕೈಗಿತ್ತಳು.

ಕಲ್ಯಾಣದುರ್ಗದ ಹೊಸ ಕೋಣೆಯಲ್ಲಿ ಮಕ್ಕಳ ತಂದೆತಾಯಿಗಳು ತುಂಬಿದ್ದರು. ಗೌರಿ ಬಟನ್ ಒತ್ತಿದಳು. ಕಪ್ಪು ಪರದೆಯಲ್ಲಿ ಒಂದು ಇಂಗ್ಲಿಷ್ ಸಾಲು ಬಂದು ನಿಂತಿತು: ಆಪರೇಟಿಂಗ್ ಸಿಸ್ಟಂ ಇಲ್ಲ.

"ಏಮೈಂದಮ್ಮಾ?" ಎಂದು ಮುಂದೆ ಕೂತಿದ್ದವರೊಬ್ಬರು ತೆಲುಗಿನಲ್ಲಿ ಏನಾಯಿತೆಂದು ಕೇಳಿದರು.

ಜಯರಾಮಪ್ಪನವರ ಮುಖ ಕೆಂಪಾಯಿತು. "ಯಾರು ಕೆಡಿಸಿದ್ದು ಇದನ್ನ?"

"ನಾನೇ ಸಾರ್," ಎಂದಳು ಗೌರಿ. "ಬಸ್ಸಲ್ಲಿ ಬ್ಯಾಗು ಬೀಳಿಸ್ಬುಟ್ಟೆ. ಅಕ್ಕ ಸರಿಯಾಗೇ ಮಾಡಿಕೊಟ್ಟಿದ್ರು."

ಬ್ಯಾಗು ಬಿದ್ದಿರಲಿಲ್ಲ. ದಾರಿಯುದ್ದಕ್ಕೂ ಗೌರಿ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದನ್ನು ರಾಮಾಂಜಿನಮ್ಮ ಪಕ್ಕದಲ್ಲೇ ಕೂತು ನೋಡಿದ್ದಳು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು, ಒಳ್ಳೆಯತನವೂ ಇವಳ ಪಾಲಿಗೇ ಬಂತಲ್ಲ ಎಂದು ಹೊಟ್ಟೆ ಉರಿಯಿತು.

ಎದ್ದು, ಬ್ಯಾಗಿನಲ್ಲಿದ್ದ ಫ್ಲಾಪಿ ಹಾಕಿ, ಬಿಟ್ಟಿದ್ದ ಗುರುತು ಕೊಟ್ಟಳು. ವಿಂಡೋಸ್ ಎದ್ದಿತು, ಜನ ಚಪ್ಪಾಳೆ ತಟ್ಟಿದರು.

"ನೋಡಿದ್ರಾ!" ಜಯರಾಮಪ್ಪನವರು ಹಿಗ್ಗಿಹೋದರು. "ಇವಳಿಲ್ದೆ ಹಿಂದೂಪುರದ ಸೆಂಟರ್ ಒಂದು ದಿನ ನಡೀತದಾ? ನಿನ್ನನ್ನ ಅಲ್ಲಿಂದ ಎಲ್ಲಿಗೂ ಕಳಿಸಾಕಿಲ್ಲ ಕಣಮ್ಮ."

ಸಂಜೆ ಗೌರಿ ಬಸ್‌ಸ್ಟ್ಯಾಂಡಿನವರೆಗೂ ಬಂದಳು. "ಅಕ್ಕಾ, ಏನಾಗಿತ್ತು ಅದಕ್ಕೆ?"

"ಒಂದು ಗುರುತು ಹಾಕಿರ್ಲಿಲ್ಲ."

"ಮರ್ತಿದ್ರಾ?"

"ಇಲ್ಲ."

"ಮುಂದಿನ ಸಲ ಬಂದಾಗ ಅದನ್ನ ನಂಗೂ ಕಲಿಸಕ್ಕಾ," ಎಂದಷ್ಟೇ ಹೇಳಿದಳು ಗೌರಿ. ರಾಮಾಂಜಿನಮ್ಮ ಬಸ್ಸು ಹತ್ತಿದಳು.

ಎರಡು ವರ್ಷದ ಮೇಲೆ ಗೌರಿ ಮದುವೆಯಾಗಿ ಪಾವಗಡಕ್ಕೆ ಹೋದಳು. ಬ್ರಾಂಚು ರಾಮಾಂಜಿನಮ್ಮನಿಗೆ ಬಂತು, ದಿನಾ ಮಗಳ ಜೊತೆ ಊಟವೂ ಆಯಿತು. ಆದರೆ ಬಾಗಿಲಿಗೆ ಬಂದವರು ಮೊದಲು ಕೇಳುತ್ತಿದ್ದದ್ದು, "ಗೌರಿ ಮೇಡಂ ಇಲ್ವಾ?" ಎಂದು.

"ಹೋದ್ಲು," ಎನ್ನುತ್ತಿದ್ದಳು, ತಲೆಯೆತ್ತದೆ.